ಹನ್ನೆರಡು ತಂತಿ, ನಾಲ್ಕು ಬತ್ತಿ

"ಈ ಸಲ ಕನ್ನಡ ಸಂಘದ ರಾಜ್ಯೋತ್ಸವದಾಗ ನಿನ್ನ ಹಾಡಿಗೆ ಹಾರ್ಮೋನಿಯಂ ಬ್ಯಾಡ. ನಾನೇ ಗಿಟಾರ್ ನುಡಸ್ತೀನಿ! ಅದೂ ಹನ್ನೆರಡು ತಂತೀದು!"

ತಾರ್ನಾಕದ ತಮ್ಮ ಮನೆಯ ಹಾಲಿನ ನಟ್ಟನಡುವೆ ನಿಂತು ಪ್ರಾಣೇಶರಾಯರು ಹೀಗೆ ಘೋಷಣೆ ಹೊರಡಿಸಿದಾಗ ಅವರ ಧರ್ಮಪತ್ನಿ ಮಂದಾಕಿನಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತುವ ಸೌಜನ್ಯವನ್ನೂ ತೋರಿಸಲಿಲ್ಲ.

"ಮೊದಲ ಅದಕ್ಕ ಶ್ರುತಿ ಕೂಡಸ್ರಿ. ಆಮ್ಯಾಲೆ ನನ್ನ ಜೋಡಿ ಸ್ಟೇಜ್ ಹತ್ತಸ್ರಿ."

ಯಾರಿಗೆ ಹೇಳುತ್ತಿದ್ದಾಳೆ ಈ ಮಾತು? ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಅಳತೆ ತಪ್ಪಿದ ಬೋಲ್ಟನ್ನೂ ಮುಲಾಜಿಲ್ಲದೆ ವಾಪಸ್ ಅಟ್ಟುವ ಅಧಿಕಾರಿಗೆ! ಮೇಲಾಗಿ ಅವರು ಅಪರೂಪದ ಗಿಟಾರುಗಳ ಒಡೆಯರು. ಒಂದು ಎಷ್ಟು ಸಣ್ಣದೆಂದರೆ ನೋಡಿದವರೆಲ್ಲ "ಮೊಮ್ಮಗನಿಗೇನ್ರಿ?" ಎಂದು ಕೇಳುತ್ತಿದ್ದರು. ಇನ್ನೊಂದರ ಹೊಟ್ಟೆಯೆಲ್ಲ ಸ್ಟೀಲು. ಅದನ್ನು ರಾಯರ ಅತ್ತೆ ತುಳಸಾಬಾಯಿ 'ಕೊಳಗ' ಎಂದೇ ಕರೆಯುತ್ತಿದ್ದರು. ಒಂದು ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿಯೂ ಇಟ್ಟಿದ್ದರು. ಮೂರನೆಯದೇ ಈ ಹನ್ನೆರಡು ತಂತಿಯ ಪಟ್ಟದರಾಣಿ.

ರಾಣಿಗೆ ಒಂದೇ ಒಂದು ರೋಗ. ತಂತಿಗಳು ಜೋಡಿ ಜೋಡಿ: ಎರಡು ಜೋಡಿಯಲ್ಲಿ ಎರಡೂ ಒಂದೇ ಅಳತೆ, ಉಳಿದ ನಾಲ್ಕರಲ್ಲಿ ಒಂದು ದಪ್ಪ, ಒಂದು ಸಣ್ಣ. ಸುಮ್ಮನೆ ಮೀಟಿದರೆ ಎಲ್ಲವೂ ಒಂದೇ ಮನೆಯವರ ಹಾಗೆ ಕೂಡಿ ನುಡಿಯುತ್ತಿದ್ದವು. ಬೆರಳು ಒತ್ತಿ ಮೇಲಿನ ಸ್ವರಕ್ಕೆ ಏರಿದಿರೋ, ಮುಗಿಯಿತು! ದಪ್ಪ ತಂತಿ ಸರಿಯಾಗಿ ತಲುಪುತ್ತಿತ್ತು, ನಾಲ್ಕು ಸಣ್ಣ ತಂತಿಗಳು ತುಸು ಕೆಳಗೇ ಉಳಿದು ಅಪಸ್ವರ ಎಳೆಯುತ್ತಿದ್ದವು.

"ಸ್ಟೇಜಿನ ಮ್ಯಾಲ ಮರ್ಯಾದಿ ಉಳದ್ರ ಇವು ಹಾಲಿನಾಗ ಇರಲಿ," ಎಂದಳು ಮಂದಾಕಿನಿ. "ಹೋತಂದ್ರ ಮೂರಕ್ಕೂ ಅಟ್ಟ!"

ಆ ಗಿಟಾರುಗಳೆಂದರೆ ರಾಯರಿಗೆ ಜೀವ. ಕೂಡಲೇ ಆಟೋ ಹತ್ತಿ ಸಿಕಂದರಾಬಾದಿನ ರಿಪೇರಿ ಅಂಗಡಿಗೆ ಓಡಿದರು. ಅಂಗಡಿಯವನು ತಂತಿಗಳು ಆತು ನಿಲ್ಲುವ ಪಟ್ಟಿಯನ್ನು, ಅಂದರೆ ಕುದುರೆಯನ್ನು, ಮುಟ್ಟಿ ನೋಡಿ, "ಇಸ್ಕೂ ನಯಾ ಬನಾನಾ ಪಡ್ತಾ ಸಾಬ್. ಪಂದ್ರಾ ದಿನ್ ರುಕೋ," ಎಂದ. ಹೊಸ ಕುದುರೆಗೆ ಹದಿನೈದು ದಿನ ಕಾಯಬೇಕಂತೆ, ಕಾರ್ಯಕ್ರಮವೋ ಬರುವ ಭಾನುವಾರ! ರಾಯರು ಮನೆಗೆ ಬಂದು ಸ್ವತಃ ಶಸ್ತ್ರಚಿಕಿತ್ಸೆಗೆ ನಿಂತರು. ಸಣ್ಣ ತಂತಿಗಳ ಅಡಿಯಲ್ಲಿ, ಕುದುರೆಗೆ ಆನಿಸಿ ಏನಾದರೂ ತೂರಿಸಿ ಅವುಗಳ ಉದ್ದವನ್ನು ಚೂರು ಮೊಟಕು ಮಾಡಿದರೆ ಸಾಕಿತ್ತು. ಬೆಂಕಿಕಡ್ಡಿ ತೂರಿಸಿದರು, ಗಿಟಾರು ಜೀರುಂಡೆಯಂತೆ ಗುಂಯ್‌ಗುಟ್ಟಿತು. ಮಂದಾಕಿನಿಯ ತಂಬೂರಿಗೆ ಹಾಕುವ ದಾರ ತೂರಿಸಿದರು, ಜಾರಿ ಬಿತ್ತು.

ಆಗ ಕಣ್ಣಿಗೆ ಬಿತ್ತು ದೇವರಮನೆಯ ಬುಟ್ಟಿ!

ಅದು ತುಳಸಾಬಾಯಿಯವರ ಲಕ್ಷಬತ್ತಿ. ಕಾರ್ತೀಕದಲ್ಲಿ ದೇವರೆದುರು ಲಕ್ಷ ಬತ್ತಿ ಉರಿಸುವ ಹರಕೆ. ಹೋದ ಕಾರ್ತೀಕದಿಂದ, ಧಾರಾವಾಹಿ ನೋಡುತ್ತ, ಫೋನಿನಲ್ಲಿ ಕಲಬುರಗಿಯ ತಂಗಿಯನ್ನು ವಿಚಾರಿಸುತ್ತ, ಅವರು ಹೊಸೆದದ್ದೇ ಹೊಸೆದದ್ದು. ಈಗ ಎಣಿಕೆ ಮುಗಿದು, ಸಂಕಲ್ಪವಾಗಿ, ಬತ್ತಿಗಳು ಕಟ್ಟುಕಟ್ಟಾಗಿ ಅರಿಷಿಣ ಕುಂಕುಮ ಏರಿಸಿಕೊಂಡು ಕುಳಿತಿದ್ದವು. ಒಂದೊಂದೂ ಸೂಜಿಯಂತೆ ಸಣ್ಣ, ಬಿಗಿ!

'ಲಕ್ಷದಾಗ ನಾಲ್ಕು ಹೋದ್ರ ಯಾರಿಗೆ ಗೊತ್ತಾಗ್ತದ?' ಎಂದುಕೊಂಡ ಅಳತೆಯ ಅಧಿಕಾರಿಗಳು ಒಂದು ಕಟ್ಟು ಬಿಚ್ಚಿ, ನಾಲ್ಕು ಬತ್ತಿ ಎಗರಿಸಿ, ಮತ್ತೆ ಗಂಟು ಹಾಕಿಟ್ಟರು. ಸಣ್ಣ ತಂತಿಗಳ ಅಡಿಗೆ ಒಂದೊಂದು ತೂರಿಸಿ ಮೀಟಿದರು. ದನಿಗೆ ತುಸು ನೆಗಡಿಯಾದಂತಿತ್ತು ನಿಜ, ಆದರೆ ಶ್ರುತಿ? ಮೇಲಿನಿಂದ ಕೆಳಗಿನವರೆಗೂ ಅಪ್ಪಟ!

ಮಂದಾಕಿನಿ ಅಡುಗೆಮನೆಯಿಂದ ಸೌಟಿನ ಸಮೇತ ಓಡಿಬಂದಳು. "ಅಯ್ಯ, ಕೂಡೇಬಿಡ್ತಲ್ರಿ! ಏನ್ ಮಾಡಿದ್ರಿ?"

"ಎಂಜಿನಿಯರಿಂಗ್!" ಎಂದರು ರಾಯರು, ಕಾಲಮೇಲೆ ಕಾಲು ಹಾಕಿ.

ಭಾನುವಾರ ಮಧ್ಯಾಹ್ನ ಒಂದು ಸುತ್ತು ನುಡಿಸಿ ನೋಡಿ, ಗಿಟಾರನ್ನು ದಿವಾನದ ಮೇಲೆ ಮಲಗಿಸಿ, ರಾಯರು ಹಾಡುತ್ತ ಸ್ನಾನಕ್ಕೆ ಹೋದರು. ಬಂದು ಇಸ್ತ್ರಿಯ ಜುಬ್ಬಾ ತೊಟ್ಟು, ಗಿಟಾರನ್ನು ಚೀಲಕ್ಕೆ ಸೇರಿಸಿದರು. ತುಳಸಾಬಾಯಿ ಆಗಲೇ ಬುಟ್ಟಿ ಎತ್ತಿಕೊಂಡು ಗುಡಿಗೆ ಹೊರಟಿದ್ದರು. "ದೀಪಾ ಹಚ್ಚಿ ಸೀದಾ ಕಾರ್ಯಕ್ರಮಕ್ಕ ಬರ್ತೀನಿ," ಎಂದರು.

ಸಂಜೆ ಬೇಗಂಪೇಟೆಯ ಸಭಾಂಗಣ ತುಂಬಿತ್ತು. ಸಂಘದ ಖಾಯಂ ಹಾರ್ಮೋನಿಯಂವಾದಕ ಬಂಡೆಪ್ಪ, ಬೀದರಿನವರು, ಯಾವುದಕ್ಕೂ ಇರಲಿ ಎಂದು ಪೆಟ್ಟಿಗೆ ತಂದು ವೇದಿಕೆಯ ಮೂಲೆಯಲ್ಲಿ ಕೂತಿದ್ದರು. ಅವರತ್ತ ರಾಯರು ಕರುಣೆಯ ನಗೆಯೊಂದನ್ನು ಎಸೆದರು.

ಪಲ್ಲವಿ ಕೆಳಗಿನ ಸ್ವರಗಳಲ್ಲಿತ್ತು, ಚೆನ್ನಾಗಿಯೇ ಹೋಯಿತು. ಯಾರೋ "ವಾಹ್!" ಎಂದರು. ಚರಣಕ್ಕೆ ಮಂದಾಕಿನಿ ದನಿ ಏರಿಸಿದಳು, ರಾಯರ ಬೆರಳುಗಳೂ ಏರಿದವು. ಅಯ್ಯಯ್ಯೋ! ದಪ್ಪ ತಂತಿ ಮಂದಾಕಿನಿಯ ಪಕ್ಷ, ಸಣ್ಣ ತಂತಿ ವಿರೋಧ ಪಕ್ಷ! ರಾಯರು ಗಾಬರಿಯಾಗಿ ಬಗ್ಗಿ ನೋಡಿದರು. ಕುದುರೆ ಬೋಳು! ಒಂದು ಬತ್ತಿಯೂ ಇಲ್ಲ! ದಿಕ್ಕು ತೋಚದೆ ಇನ್ನೂ ಜೋರಾಗಿ ಮೀಟಿದರು. ಮೊದಲ ಸಾಲಿನ ಮಗುವೊಂದು ಅಳತೊಡಗಿತು.

"ಸಾಹೇಬ್ರ, ನಿಮ್ಮ ಗಿಟಾರ್ ಭಾಳ ದಣದೈತಿ," ಎಂದು ಮೂಲೆಯಿಂದ ಬಂಡೆಪ್ಪ ಪಿಸುಗುಟ್ಟಿದ್ದು ಮೈಕಿನಲ್ಲಿ ಸಭೆಗೆಲ್ಲ ಕೇಳಿಸಿತು. "ತುಸು ಆರಾಮ ತಗೊಳ್ಳಿ!"

ಸಭೆ ಗೊಳ್ಳೆಂದಿತು. ಮಂದಾಕಿನಿ ಹಾಡು ನಿಲ್ಲಿಸದೆಯೇ ಗಂಡನ ಕೈಮೇಲೆ ಕೈಯಿಟ್ಟು ತಂತಿಗಳ ಬಾಯಿ ಮುಚ್ಚಿಸಿದಳು. ಹಾರ್ಮೋನಿಯಂ ಹಾಡನ್ನು ಎತ್ತಿಕೊಂಡಿತು. ಉಳಿದ ಹಾಡಿನುದ್ದಕ್ಕೂ ರಾಯರು ಗಿಟಾರನ್ನು ತಬ್ಬಿಕೊಂಡು, ಜಾತ್ರೆಯ ಬಸ್ಸಿನಲ್ಲಿ ಗಂಟು ಹಿಡಿದವರಂತೆ ಕೂತಿದ್ದರು.

ಮನೆಗೆ ಬಂದದ್ದೇ ಗುಡುಗಿದರು. "ನನ್ನ ಗಿಟಾರಿಗೆ ಕೈ ಹಾಕಿದವರು ಯಾರು?"

"ನಾನ," ಎಂದರು ತುಳಸಾಬಾಯಿ ತಣ್ಣಗೆ, ಪ್ರಸಾದದ ಪೊಟ್ಟಣ ಬಿಚ್ಚುತ್ತ. "ನೀವು ಸ್ನಾನಕ್ಕ ಹೋದಾಗ ತಂತಿ ಕೆಳಗ ನನ್ನ ಬತ್ತಿ ಕಂಡ್ವು, ಹೇರ್‌ಪಿನ್ನಿಲೆ ಒಂದೊಂದ ಎಳಕೊಂಡೆ. ಬತ್ತಿ ಕಟ್ಟಿಗೆ ಶೂ ಲೇಸಿನ ಗಂಟು ಬಿದ್ದಿತ್ತು. ಈ ಮನ್ಯಾಗ ಶೂ ಹಾಕ್ಕೊಳ್ಳವರು ನೀವೊಬ್ಬರ."

"ಏನು ಬತ್ತಿ? ಏನು ಕಟ್ಟು?" ಎಂದ ಮಂದಾಕಿನಿಗೆ ಮರುಕ್ಷಣವೇ ಎಲ್ಲ ಹೊಳೆಯಿತು. "ಇದೇನ್ರಿ ನಿಮ್ಮ ಎಂಜಿನಿಯರಿಂಗ್?"

ರಾಯರು ಅತ್ತೆಯತ್ತ ತಿರುಗಿದರು. "ಅತ್ಯಾ, ಒಂದು ಮಾತು ಹೇಳಬಾರದಾಗಿತ್ತೇನ್ರಿ?"

"ನೀವೊಂದ ಮಾತು ಕೇಳಬಾರದಾಗಿತ್ತೇನ್ರಿ ಪ್ರಾಣೇಶರಾಯರ? ಡಬ್ಬಿ ತುಂಬ ಹತ್ತಿ ಅದ. ಕೇಳಿದ್ರ ನಿಮಗ ಬ್ಯಾರೆ ನಾಲ್ಕು ಹೊಸದು ಕೊಡ್ತಿದ್ದೆ. ಅವು ಸಂಕಲ್ಪ ಆದ ಬತ್ತಿ, ದೇವರ ಪಾಲಿನವು."

ಬಾಗಿಲ ಹಿಂದಿನಿಂದ ಸ್ಟೂಲು ಎಳೆಯುವ ಸದ್ದು ಬಂತು. ಮಂದಾಕಿನಿ ಅದನ್ನು ಸರಿಯಾಗಿ ಅಟ್ಟದ ಕೆಳಗೇ ತಂದು ನಿಲ್ಲಿಸಿದಳು. ರಾಯರು ಕೊನೆಯ ಅಸ್ತ್ರ ಬಿಟ್ಟರು.

"ಅಲ್ರಿ ಅತ್ಯಾ, ಲಕ್ಷದಾಗ ನಾಲ್ಕು ಕಡಿಮಿ ಆದ್ರ ದೇವರಿಗೆ ಗೊತ್ತಾಗ್ತಿತ್ತೇನು?"

ತುಳಸಾಬಾಯಿ ಅಳಿಯನ ಕೈಗೆ ಪ್ರಸಾದ ಹಾಕಿದರು. "ಹನ್ನೆರಡರಾಗ ನಾಲ್ಕು ತಪ್ಪಿದ್ದು ಬಂಡೆಪ್ಪಗ ಗೊತ್ತಾತಲ್ಲ! ದೇವರ ಕಿವಿ ಬಂಡೆಪ್ಪನಕಿಂತ ಕಡಿಮೀನ? ತಿನ್ರಿ. ತಿಂದು, ಹುಷಾರಾಗಿ ಏರ್ರಿ. ಕೊಳಗ ಮೊದಲ ಕೊಡ್ಲ್ಯಾ?"