ಬೇಳೆ ಬೆಂದ ಊರು

ಮನೆ ಹುಡುಕುವವರನ್ನು ಕಂಡರೆ ನನಗೆ ಈಗಲೂ ನಗು ತಡೆಯುವುದಿಲ್ಲ. ನಮ್ಮ ಹಳೆಯ ಮನೆಯ ಜಾಗದಲ್ಲಿ ಎದ್ದ ಈ ಕಟ್ಟಡಕ್ಕೆ ಆಗಾಗ ಯಾರಾದರೂ ಬರುತ್ತಲೇ ಇರುತ್ತಾರೆ. ಕಿಟಕಿ ತೆರೆಯುತ್ತಾರೆ, ನಳ ತಿರುವುತ್ತಾರೆ, ಗೋಡೆ ಬಡಿಯುತ್ತಾರೆ. “ಆಜಿ, ನೀವು ಈ ಜಾಗ ಹೇಗೆ ಆರಿಸಿದಿರಿ?” ಎಂದು ಕೇಳಿದರೆ, “ಭಾಳ ಪರೀಕ್ಷೆ ಮಾಡಿ” ಎನ್ನುತ್ತೇನೆ. ಅದು ಸುಳ್ಳಲ್ಲ. ಪರೀಕ್ಷೆ ನಡೆದದ್ದು ಮಾತ್ರ ಇಲ್ಲಿ ಅಲ್ಲ, ಜತ್ತ ತಾಲೂಕಿನ ಯಳವಿಯ ಒಂದು ಅಂಗಳದಲ್ಲಿ.

ಎಲ್ಲರ ಕ್ಷೇಮ

ನಾನು ಹುಟ್ಟಿದ್ದು ತಿಕೋಂಡಿಯಲ್ಲಿ, ನನ್ನನ್ನು ಕೊಟ್ಟಿದ್ದು ಯಳವಿಗೆ. ಜತ್ತದ ಸಂಸ್ಥಾನ ಹೋಗಿ ಆಗಿನ್ನೂ ಒಂದೆರಡು ವರ್ಷ. ನಮ್ಮ ಮಾವನವರದು ಉಣ್ಣೆಯ ವ್ಯಾಪಾರ. ಕುರುಬರಿಂದ ಉಣ್ಣೆ ಕೊಂಡು ಮುಂಬೈಗೆ ಕಳಿಸುತ್ತಿದ್ದರು. ಅಲ್ಲಿಯ ಪೇಢಿ, ಅಂದರೆ ವ್ಯಾಪಾರದ ಅಂಗಡಿ, ನೋಡಿಕೊಳ್ಳುತ್ತಿದ್ದವರು ನನ್ನ ಗಂಡ. ಮೂರು ವರ್ಷದಿಂದ ಅವರು ಖಾನಾವಳಿಯಲ್ಲಿ, ನಾನು ಯಳವಿಯಲ್ಲಿ. ವರ್ಷಕ್ಕೆ ಎರಡು ಸಲ ಮುಖ ನೋಡಿದರೆ ಹೆಚ್ಚು.

ಒಂದು ದಿನ ಅವರ ಪತ್ರ ಬಂತು. ವ್ಯಾಪಾರ ಚೆನ್ನಾಗಿದೆ, ಮುಂಬೈ ಹೊರಗೆ ಸ್ಥಿತಿವಂತರು ಇರುವ ಎರಡು ಉಪನಗರಗಳಲ್ಲಿ ಮನೆ ನೋಡಿದ್ದೇನೆ, ಒಂದು ಪಾರ್ಲೆಯಲ್ಲಿ, ಒಂದು ಮುಲುಂಡದಲ್ಲಿ, ಎರಡಕ್ಕೂ ಕೈತೋಟ, ವಿದ್ಯುತ್ ದೀಪ, ಮನೆಯೊಳಗೇ ನಳ, ಮಾಲಕರು ಯುಗಾದಿ ಪಾಡ್ವಾದ ತನಕ ಕಾಯುತ್ತಾರೆ, ಆಮೇಲೆ ಎರಡೂ ಕೈಬಿಡುತ್ತವೆ, ಹಿರಿಯರು ಹೇಳಿದ್ದನ್ನು ಹಿಡಿಯುತ್ತೇನೆ.

ಪತ್ರ ಮಾವನವರ ಹೆಸರಿಗೆ. ಅವರ ತಮ್ಮ, ನಾವೆಲ್ಲ ಕಾಕಾ ಅನ್ನುತ್ತಿದ್ದವರು, ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದರು. ನಾನು ಬಾಗಿಲ ಹಿಂದೆ. ನನ್ನ ಸುದ್ದಿ ಒಂದು ಅಕ್ಷರವೂ ಇಲ್ಲ. “ಮನೆಯಲ್ಲಿ ಎಲ್ಲರೂ ಕ್ಷೇಮವೇ” ಎಂದು ಮಾತ್ರ ಅಲ್ಲಲ್ಲಿ ಬರೆದಿದ್ದರು. ನನಗೆ ಕಣ್ಣು ತುಂಬಿ ಬಂತು.

ಮಾವನವರ ತಾಯಿ, ಆಯಿ, ಮನೆಯ ಯಜಮಾನಿ. ಪತ್ರ ಮುಗಿಯುತ್ತಲೇ ಬಾಗಿಲ ಕಡೆ ತಿರುಗಿ ಕೂಗಿದರು:

“ಏ ತಂಗಿ, ಕೇಳಿದೇನು? ಒಂದ ಪತ್ರದಾಗ ಮೂರು ಸಲ ‘ಎಲ್ಲಾರೂ’ ಅಂದಾನ. ಅದು ನಾ ಅಂತೂ ಅಲ್ಲ, ನನ್ನ ಮೊಣಕಾಲ ಬ್ಯಾನಿ ಒಮ್ಮಿನೂ ಕೇಳಿಲ್ಲ!”

ಓಡುವ ಗಂಡಸರು

“ಊರು ನೋಡದ ಮನಿ ಹಿಡಿಯೂದು ಹ್ಯಾಂಗ?” ಎಂದು ಮಾವನವರು ಕಾಕಾನನ್ನೇ ಮುಂಬೈಗೆ ಕಳಿಸಿದರು. ಹೊರಡುವಾಗ ಆಯಿ ಎರಡು ಖಾಲಿ ಬಾಟಲಿ ಕೊಟ್ಟರು. “ಎರಡೂ ಊರಿನ ನೀರು ತುಂಬಿಕೊಂಡು ಬಾ. ಬ್ಯಾಳಿ ಬೇಯದ ಊರಿಗೆ ನಮ್ಮ ಸೊಸಿನ್ನ ಕಳಸೂದಿಲ್ಲ.” ನಮ್ಮ ಸುತ್ತಿನ ಬಾವಿಗಳಲ್ಲಿ ಬೇಳೆ ಬೇಯದ ಸವುಳು ನೀರೇ ಹೆಚ್ಚು. ಹೆಣ್ಣು ಕೊಡುವಾಗಲೂ ಆಯಿ ವರನಿಗಿಂತ ಮೊದಲು ಬಾವಿ ನೋಡುತ್ತಿದ್ದರಂತೆ.

ಕಾಕಾ ಎಂಟು ದಿನಕ್ಕೆ ತಿರುಗಿ ಬಂದರು, ಬಾಟಲಿಗಳೂ ಬಂದವು. ಕೆಂಪು ದಾರ ಕಟ್ಟಿದ್ದು ಮುಲುಂಡದ್ದು, ಬಿಳಿ ದಾರದ್ದು ಪಾರ್ಲೆಯದು.

“ಎರಡೂ ಊರು ಚಲೋ ಅದಾವ, ಅವ್ವಾ. ಆದ್ರ ಒಂದು ವಿಚಿತ್ರ. ಬೆಳಗಾತು ಅಂದ್ರ ಗಂಡಸರೆಲ್ಲಾ ಡಬ್ಬಿ ಹಿಡಕೊಂಡು ಸ್ಟೇಷನ್ನಿಗೆ ಓಡತಾರ.”

“ಯಾಕ, ಪ್ಲೇಗ ಬಂದೈತೇನು?”

“ಇಲ್ಲವ್ವಾ, ಕೆಲಸಕ್ಕ. ಸಂಜೀಕ ಹೊಳ್ಳಿ ಬರತಾರ.”

“ನಮ್ಮ ಊರಿಂದ ಹೋಗೂ ಗಾಡಿಗೆ ಯಾವ ಊರು ಮೊದಲ ಸಿಗತೈತಿ?”

“ಮುಲುಂಡ. ಪಾರ್ಲೆಗೆ ದಾದರಕ್ಕ ಹೋಗಿ, ಗಾಡಿ ಬದಲಿಸಿ, ಮತ್ತ ಹಿಂದಕ್ಕ ಬರಬೇಕು.”

ಆಯಿ “ಹೂಂ” ಎಂದರು. ಮಾವನವರಿಗೆ ಬೇರೆಯೇ ಚಿಂತೆ. “ಅಂದ್ರ ಮುಂಜಾನಿಂದ ಸಂಜೀತನ ಊರಾಗ ಒಬ್ಬ ಗಂಡಸೂ ಇರೂದಿಲ್ಲ? ಅದೆಂಥ ಊರೋ!”

ಆಯಿ ಹೇಳಿದರು: “ಭಾಳ ಸುಧಾರಿಸಿದ ಊರು ಇದ್ದಂಗ ಕಾಣತೈತಿ.”

ಬೊಗಳುವವರು ಯಾರು

ಅಷ್ಟು ಹೊತ್ತೂ ಸನಮಡಿಯಿಂದ ಉಣ್ಣೆ ತಂದ ಕುರುಬರ ಅಜ್ಜ ಕಟ್ಟೆಯ ಮೇಲೆ ಕೂತು ಎಲ್ಲ ಕೇಳುತ್ತಿದ್ದ. “ಸಾವ್ಕಾರ್ರ, ಹಿಂದ ಮುಂದ ಏನೇನೈತಿ ಅನ್ನೂದು ಹೇಳ್ರಿ” ಎಂದ.

ಮುಲುಂಡದ ಹಿಂದೆ ಗುಡ್ಡ, ಕಾಡು, ಕಾಡಿನಲ್ಲಿ ಚಿರತೆ ಎಂದರು ಕಾಕಾ. ಪಾರ್ಲೆಯ ಹತ್ತಿರ ವಿಮಾನ ಇಳಿಯುವ ಬಯಲು, ಮನೆಯ ಮೇಲೆಯೇ ಹಾರುತ್ತವೆ ಎಂದರು.

ಮಾವನವರು ತಲೆ ಮೇಲೆ ಕೈ ಹೊತ್ತರು. “ಒಂದ ಕಡೆ ಚಿರತಿ, ಒಂದ ಕಡೆ ವಿಮಾನ. ಎರಡೂ ಬ್ಯಾಡ. ಮುಂದಿನ ವರ್ಷ ನೋಡೂಣು.”

ಬಾಗಿಲ ಹಿಂದೆ ನಾನು ಲೆಕ್ಕ ಹಾಕಿದೆ. ಮತ್ತೊಂದು ವರ್ಷ!

ಅಜ್ಜ ಕಂಬಳಿ ಕೊಡವಿ ಎದ್ದ. “ಇದರಾಗ ವಿಚಾರ ಮಾಡೂದೇನೈತ್ರಿ? ಚಿರತಿ ಬಂದ್ರ ನಾಯಿ ಬೊಗಳತೈತಿ. ವಿಮಾನ ಬಂದ್ರ ಯಾರು ಬೊಗಳಬೇಕು? ನೀವಾ?”

ಎರಡು ಗಡಿಗೆ

ಮುಂದಿನ ವರ್ಷದ ಮಾತಿಗೆ ಆಯಿ ಒಪ್ಪಲಿಲ್ಲ, ಕೊನೆಗೆ ಎಲ್ಲವೂ ಬೇಳೆಯ ಮೇಲೆ ಬಂದು ನಿಂತಿತು. ಪಾಡ್ವಾಕ್ಕೆ ಆರು ದಿನ. ಅಂಗಳದಲ್ಲಿ ಎರಡು ಒಲೆ ಹೂಡಿದರು. ಓಣಿಯ ಹೆಂಗಸರೆಲ್ಲ ನೆರೆದರು. ಆಯಿ ತಾವೇ ಒಳಗೆ ಹೋಗಿ ಎರಡು ಬಟ್ಟಲಲ್ಲಿ ತೊಗರಿಬೇಳೆ ತಂದು ಎರಡು ಗಡಿಗೆಗೆ ಹಾಕಿದರು. ಒಂದಕ್ಕೆ ಕೆಂಪು ದಾರದ ನೀರು, ಒಂದಕ್ಕೆ ಬಿಳಿ ದಾರದ ನೀರು. ಉರಿ ನೋಡಿಕೊಳ್ಳುವ ಕೆಲಸ ನನಗೆ.

ಉರಿ ಹಾಕುತ್ತ ನಾನು ಯೋಚಿಸಿದೆ. ಎರಡೂ ಬೆಂದರೂ ಕಷ್ಟ, ಎರಡೂ ಬೇಯದಿದ್ದರೂ ಕಷ್ಟ. ಮತ್ತೆ ಪಡಸಾಲೆ, ಮತ್ತೆ ಚರ್ಚೆ, ಅಷ್ಟರಲ್ಲಿ ಪಾಡ್ವಾ ದಾಟುತ್ತದೆ. ಒಂದು ಬೇಯಬೇಕು, ಒಂದೇ ಬೇಯಬೇಕು. ಯಾವುದಾದರೂ ನನಗೆ ಅಡ್ಡಿಯಿಲ್ಲ. ಎರಡು ಊರಲ್ಲೂ ಗಂಡ ಒಬ್ಬರೇ ತಾನೆ?

ಸೆರಗಿನ ಗಂಟಿನಲ್ಲಿ ಒಂದು ಚಿಟಿಕೆ ಅಡಿಗೆ ಸೋಡಾ ಕಟ್ಟಿಕೊಂಡೇ ಬಂದಿದ್ದೆ. ಆಯಿ ಯಾರಿಗೋ ಕೂರಲು ಹೇಳುತ್ತ ಅತ್ತ ತಿರುಗಿದರು. ನನ್ನ ಕೈಗೆ ಹತ್ತಿರವಿದ್ದ ಗಡಿಗೆಗೆ ಸೋಡಾ ಬಿತ್ತು. ಅದು ಮುಲುಂಡದ್ದು.

ಸ್ವಲ್ಪ ಹೊತ್ತಿಗೆ ಮುಲುಂಡದ ಬೇಳೆ ಬೆಣ್ಣೆಯಂತೆ ಕರಗಿತು. ಪಾರ್ಲೆಯದು ಕಲ್ಲು ಕಲ್ಲು. ನಾನು ಅಂದುಕೊಂಡದ್ದಕ್ಕಿಂತಲೂ ಕಲ್ಲು. ಆಯಿ ಎರಡನ್ನೂ ಹಿಚುಕಿ ನೋಡಿ, “ಮುಲುಂಡ” ಎಂದರು. ಅದೇ ದಿನ ಮುಂಬೈಗೆ ತಂತಿ ಹೋಯಿತು. ಓಣಿಯವರೆಲ್ಲ ಮುಲುಂಡದ ನೀರನ್ನು ಹೊಗಳಿದ್ದೇ ಹೊಗಳಿದ್ದು. ಒಬ್ಬಾಕೆಯಂತೂ ಉಳಿದ ಬೇಳೆಯನ್ನು ಮನೆಗೆ ಒಯ್ದು, ಗಂಡನಿಗೆ ಪ್ರಸಾದ ಎಂದು ಕೊಟ್ಟಳಂತೆ!

ಮುಲುಂಡದ ಊಟ

ಮರುವರ್ಷ ಆಯಿ ಮತ್ತು ಕಾಕಾ ನಮ್ಮನ್ನು ನೋಡಲು ಬಂದರು. ಆಯಿ ಮನೆಯೆಲ್ಲ ತಿರುಗಿ, ದೀಪ ಹಚ್ಚಿ ಆರಿಸಿ, ಕೈತೋಟದ ಮಣ್ಣು ಮೂಸಿ, ಊಟಕ್ಕೆ ಕೂತರು. ರೊಟ್ಟಿಯ ಜೊತೆ ಬೇಳೆ ಬಡಿಸಿದೆ. ಸೋಡಾ ಇಲ್ಲದೆಯೇ ಚೆನ್ನಾಗಿ ಬೆಂದಿತ್ತು.

“ನೋಡು, ಎಂಥಾ ನೀರು!” ಎಂದರು ಆಯಿ.

ಕಾಕಾನಿಗೆ ಬಿಕ್ಕಳಿಕೆ ಬಂತು. ಒಂದು ತಂಬಿಗೆ ನೀರು ಕುಡಿದು ಕೈ ಮುಗಿದರು. “ಅವ್ವಾ, ಬೈಬ್ಯಾಡ. ಆ ನೀರು ಇಲ್ಲೀದಲ್ಲ. ಗಾಡಿಯಾಗ ಭಾಳ ನೀರಡಿಕಿ ಆತು, ಎರಡೂ ಬಾಟ್ಲಿ ಕುಡಿದುಬಿಟ್ಟೆ. ಮಿರಜ ಸ್ಟೇಷನ್ನಿನ ನಳದಾಗ ಎರಡನೂ ತುಂಬಿಕೊಂಡು ಬಂದೆ.”

ಒಂದೇ ನೀರು! ಈಗ ಮುಚ್ಚಿಡುವುದು ನನಗೂ ಆಗಲಿಲ್ಲ. “ಆಯಿ, ನಂದೂ ತಪ್ಪೈತ್ರಿ. ಕೆಂಪು ದಾರದ್ದಕ್ಕ ನಾ ಸೋಡಾ ಹಾಕಿದ್ದೆ.”

ನನ್ನ ಗಂಡ ಊಟ ಬಿಟ್ಟು ನಮ್ಮಿಬ್ಬರ ಮುಖ ನೋಡಿದರು. ಆಯಿ ಏನೂ ಆಗಿಲ್ಲದಂತೆ ರೊಟ್ಟಿ ಮುರಿದರು, ಬೇಳೆಯಲ್ಲಿ ಅದ್ದಿದರು, ಬಾಯಿಗಿಟ್ಟರು, ನಿಧಾನಕ್ಕೆ ಅಗಿದು ನುಂಗಿದರು.

“ದಾದರಕ್ಕ ಹೋಗಿ, ಗಾಡಿ ಬದಲಿಸಿ, ಮತ್ತ ಹಿಂದಕ್ಕ ಬರಾಕ ನನ್ನ ಮೊಣಕಾಲಿಗೆ ಆಗತೈತೇನು?” ಎಂದರು. “ಅದಕ್ಕ ಪಾರ್ಲೆ ಗಡಿಗ್ಯಾಗ ಎಷ್ಟು ಕುದಿಸಿದರೂ ಬೇಯದ ಮೂರು ವರ್ಷದ ಹಳೇ ಬ್ಯಾಳಿ ಹಾಕಿದ್ದೆ. ನೀವಿಬ್ಬರೂ ಇಷ್ಟು ಶ್ಯಾಣ್ಯಾರು ಅಂತ ಮೊದಲ ಗೊತ್ತಿದ್ರ, ಅಟ್ಟ ಹತ್ತಿ ಹುಡುಕೂ ತ್ರಾಸರೆ ತಪ್ಪತಿತ್ತು!”