ಕೆಂಪು ಕೊಡೆಯ ಮೇಷ್ಟ್ರು

"ನಾಲ್ಕು ದಿನ ನಾನು ಬಾಯಿ ಬಿಡುವುದಿಲ್ಲ!"

ಜಿನಿಂಗ್ ಊರಿನ ನಮ್ಮ ಅಡುಗೆಮನೆಯಲ್ಲಿ ನಿಂತು ನಾನು ಹೀಗೆ ಭೀಷಣ ಪ್ರತಿಜ್ಞೆ ಮಾಡಿದಾಗ ನನ್ನ ಹೆಂಡತಿ ಗುಯ್‌ಜೆನ್ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಊಟಕ್ಕೂ ಬಿಡಲ್ವಾ?"

"ಟೂರಿನ ಗೈಡು ಏನು ತಪ್ಪು ಹೇಳಿದ್ರೂ ತಿದ್ದಲ್ಲ ಅಂದೆ ಕಣೇ!"

"ಒಂದೇ ಒಂದು ಸಲ ತಿದ್ದಿದ್ರೂ ವರ್ಷವಿಡೀ ಸಾಯಂಕಾಲ ನಮ್ಮ ಹೆಂಗಸರ ಜೊತೆ ಚೌಕದಲ್ಲಿ ಕುಣೀಬೇಕು. ಬೀಸಣಿಗೆ ಹಿಡ್ಕೊಂಡು. ಒಪ್ಪಿಗೇನಾ?"

"ಒಪ್ಪಿಗೆ!"

ಅವಳ ಷರತ್ತಿಗೂ ಕಾರಣವಿತ್ತು ಅನ್ನಿ. ನಾನು, ಫಾನ್ ಮೇಷ್ಟ್ರು, ಮೂವತ್ತೈದು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಹೋದ ವರ್ಷ ಪಕ್ಕದ ಚುಫುವಿನಲ್ಲಿ ನಾನು ತಿದ್ದಿದ ರಭಸಕ್ಕೆ ಒಬ್ಬ ಗೈಡು ಆ ಕೆಲಸವನ್ನೇ ಬಿಟ್ಟು ನೂಡಲ್ಸ್ ಅಂಗಡಿ ಇಟ್ಟನಂತೆ!

ಆದರೆ ಈ ಸಲ ನನ್ನ ಮನಸ್ಸು ಗೈಡುಗಳ ಮೇಲಿರಲಿಲ್ಲ. ಲುಂಗ್‌ಮೆನ್ ಗುಹೆಗಳ ಬಂಡೆಯಲ್ಲಿ ಕೆತ್ತಿದ ದೊಡ್ಡ ಬುದ್ಧನ ಮೇಲಿತ್ತು. ಮೂವತ್ತೈದು ವರ್ಷ ಕಪ್ಪು ಹಲಗೆಯ ಮೇಲೆ ಅವನನ್ನು ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಎತ್ತರ ಹದಿನೇಳು ಮೀಟರ್ ಹದಿನಾಲ್ಕು ಸೆಂಟಿಮೀಟರ್, ಕಿವಿ ಒಂದು ಮೀಟರ್ ತೊಂಬತ್ತು! ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಕಣ್ಣಾರೆ ಮಾತ್ರ ನೋಡಿರಲಿಲ್ಲ. ಒಂದು ವರ್ಷ ಪರೀಕ್ಷೆ, ಒಂದು ವರ್ಷ ಅಮ್ಮನ ಕಾಯಿಲೆ, ಆಮೇಲೆ ಮೊಮ್ಮಗಳು. ಸಾಯುವುದರೊಳಗೆ ಆ ಮುಖವನ್ನು ಒಮ್ಮೆ ಎದುರು ನಿಂತು ನೋಡಬೇಕು ಎಂಬ ಆಸೆ ನನಗೆ ನಿಜಕ್ಕೂ ಇತ್ತು.

ಟೂರು ಹೊರಟಿತು. ನಮ್ಮ ಗುಂಪಿಗೆ ನೀಲಿ ಟೋಪಿ. ಗೈಡು ತೊಂಗ್ ಎಂಬ ಇಪ್ಪತ್ತೆರಡರ ಹುಡುಗಿ. ಕೈಫೆಂಗ್‌ನಲ್ಲಿ ಅವಳು ಸೋಂಗ್ ಅರಸರ ಕಾಲದ ಗೋಪುರವನ್ನು ಅನಾಮತ್ತಾಗಿ ಎತ್ತಿ ಮುನ್ನೂರು ವರ್ಷ ಈಚಿನ ಮಿಂಗ್ ಅರಸರ ಕಾಲಕ್ಕೆ ಹಾಕಿದಳು! ನಾನು ಒಂದು ಎಳ್ಳಿನ ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡೆ. ಇನ್ನೊಂದು ಕಡೆ ಒಬ್ಬ ಅರಸನನ್ನು ಅವನ ಮಗನಿಗೇ ಮಗನನ್ನಾಗಿ ಮಾಡಿದಳು. ಇನ್ನೊಂದು ರೊಟ್ಟಿ! ಎರಡು ದಿನಕ್ಕೆ ಹದಿನಾಲ್ಕು ರೊಟ್ಟಿ ಖರ್ಚಾದವು. ಪ್ರತಿಜ್ಞೆ ಉಳಿಯಿತು, ಹೊಟ್ಟೆ ಕೆಟ್ಟಿತು.

ಮೂರನೆಯ ದಿನ ಲುಂಗ್‌ಮೆನ್. ಬಿಸಿಲು ಸುಡುತ್ತಿತ್ತು. ಗುಯ್‌ಜೆನ್ ತನ್ನ ಕೆಂಪು ಕೊಡೆಯನ್ನು ನನ್ನ ಕೈಗೆ ಕೊಟ್ಟಳು. ಮೆಟ್ಟಿಲು ಹತ್ತುವಾಗ ಅವಳು ನಡುವೆಯೇ ಕೂಗಿದಳು.

"ಏ ಮುದುಕಪ್ಪಾ, ತಲೆ ಎತ್ತಿ! ಮುಖ ಕಾಣಿಸ್ತಿದೆ!"

"ಈಗಲೇ ನೋಡಲ್ಲ. ಮೊದಲ ನೋಟ ಅಂದ್ರೆ ಮೊದಲ ನೋಟ! ಸರಿಯಾಗಿ ಮಧ್ಯಕ್ಕೆ ಹೋಗಿ ನಿಂತು ಆಮೇಲೆ ನೋಡ್ತೀನಿ."

"ಮದುವೆ ದಿನ ನನ್ನನ್ನ ನೋಡೋಕೂ ಇಷ್ಟು ಸಡಗರ ಪಡ್ಲಿಲ್ಲ ನೀವು!"

ಕೊಡೆಯನ್ನು ಹಣೆಯವರೆಗೆ ಇಳಿಸಿಕೊಂಡು, ಮೆಟ್ಟಿಲನ್ನಷ್ಟೇ ನೋಡುತ್ತಾ ಹತ್ತಿದೆ. ಮೇಲಿನ ಅಂಗಳದ ಸರಿಮಧ್ಯಕ್ಕೆ ಬಂದೆ. ಇನ್ನೇನು ತಲೆ ಎತ್ತಬೇಕು, ಬೆನ್ನ ಹಿಂದೆ ತೊಂಗ್ ಮೈಕಿನಲ್ಲಿ ಹೇಳಿದಳು.

"ಈ ಬುದ್ಧನ ಎತ್ತರ ಹದಿನಾರು ಮೀಟರ್!"

ರೊಟ್ಟಿ ಮುಗಿದುಹೋಗಿತ್ತು.

"ಹದಿನೇಳು ಮೀಟರ್ ಹದಿನಾಲ್ಕು ಸೆಂಟಿಮೀಟರ್!" ಎಂದು ಗರ್ರನೆ ತಿರುಗಿ ಗರ್ಜಿಸಿದೆ.

"ಬೀಸಣಿಗೆ!" ಎಂದು ಗುಯ್‌ಜೆನ್ ಗುಂಪಿನ ನಡುವಿನಿಂದ ಚಪ್ಪಾಳೆ ತಟ್ಟಿದಳು.

ಮಾನ ಹೋದಮೇಲೆ ಇನ್ನು ಬಾಯಿ ಮುಚ್ಚಿ ಏನು ಪ್ರಯೋಜನ? ಎರಡು ದಿನ ಕಟ್ಟಿಟ್ಟ ವಿದ್ವತ್ತೆಲ್ಲ ಒಡ್ಡು ಒಡೆದು ಹರಿಯಿತು! ನನ್ನದೊಂದು ಹಳೆಯ ಅಭ್ಯಾಸವಿದೆ. ಹಲಗೆಯ ಮೇಲೆ ಬರೆದಾಯಿತೆಂದರೆ, ಪಾಠ ಮಾಡುವಾಗ ನಾನು ಮತ್ತೆ ಅದರ ಕಡೆ ತಿರುಗುವುದೇ ಇಲ್ಲ. ಮಕ್ಕಳಿಗೆ ಬೆನ್ನು ಕೊಟ್ಟರೆ ಸೀಮೆಸುಣ್ಣ ಹಾರಿಬರುತ್ತದೆ. ಹಾಗಾಗಿ ಎಡಗೈಯಲ್ಲಿ ಕೊಡೆ ಎತ್ತಿ ಹಿಡಿದು, ಬಲಗೈಯ ಬಿಸಿನೀರಿನ ಫ್ಲಾಸ್ಕನ್ನು ಬೆನ್ನ ಹಿಂದಕ್ಕೆ ಚಾಚಿ, "ಇದು ಮೂಗು! ಇದು ಕಿವಿ!" ಎಂದು ತೋರಿಸುತ್ತಾ ಹೋದೆ. ಗುಯ್‌ಜೆನ್ ಫೋಟೋ ತೆಗೆದಳು. ತೊಂಗ್ ನೀಲಿ ಟೋಪಿಗಳನ್ನು ಪಕ್ಕದ ಗುಹೆಗೆ ಕರೆದೊಯ್ದಳು. ನಾನು ನಿಲ್ಲಿಸಲಿಲ್ಲ. ಏಕೆಂದರೆ ಅಷ್ಟರಲ್ಲಿ ಮೂವತ್ತು ಹಳದಿ ಟೋಪಿಗಳು ಬಂದು ನನ್ನ ಮುಂದೆ ಅರ್ಧಚಂದ್ರಾಕಾರವಾಗಿ ನಿಂತಿದ್ದವು! ಕೇಳುಗರೆಂದರೆ ಅವರು! ಒಬ್ಬರು ಬರೆದುಕೊಳ್ಳುತ್ತಿದ್ದರು ಕೂಡ.

ಅರ್ಧ ಗಂಟೆಯ ನಂತರ ಪಾಠ ಮುಗಿಸಿ, ಇನ್ನಾದರೂ ಬುದ್ಧನನ್ನು ನೋಡೋಣ ಎಂದು ತಿರುಗಬೇಕು, ಒಬ್ಬ ಅಜ್ಜಿ ನನ್ನ ತೋಳು ಹಿಡಿದಳು.

"ಮೇಷ್ಟ್ರೇ, ಪಾಯಿಖಾನೆ ಎಲ್ಲಿ? ತಡೆಯೋಕಾಗ್ತಿಲ್ಲ ಕಣಪ್ಪ."

ಬುದ್ಧ ಸಾವಿರದ ಮುನ್ನೂರು ವರ್ಷ ಕಾದಿದ್ದಾನೆ, ಅಜ್ಜಿ ಕಾಯುವ ಸ್ಥಿತಿಯಲ್ಲಿರಲಿಲ್ಲ! "ಬನ್ನಿ" ಎಂದು ಕೊಡೆ ಎತ್ತಿ ಮೆಟ್ಟಿಲಿಳಿದೆ. ನೋಡಿದರೆ ಮೂವತ್ತೂ ಜನ ಹಿಂದೆಯೇ! ಪಾಯಿಖಾನೆಯ ಬಾಗಿಲಿಗೆ ತಲುಪುತ್ತಿದ್ದಂತೆ ಏದುಸಿರು ಬಿಡುತ್ತಾ ಒಬ್ಬ ತೆಳ್ಳನೆಯ ಹುಡುಗಿ ಓಡಿಬಂದಳು. ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಕೆಂಪು ಕೊಡೆ! ಹಿಂದೆ ಇಬ್ಬರು ಕಾವಲಿನವರು.

"ಇವರೇ! ನನ್ನ ಗುಂಪನ್ನೇ ಕದ್ದಿದ್ದಾರೆ!"

ಹಳದಿ ಟೋಪಿಗಳಿಗೆ ಅವರ ಗೈಡು ಕೆಳಗೇ ಹೇಳಿ ಕಳಿಸಿದ್ದಳಂತೆ: ಮೇಲೆ ವಿವರಣೆ ಕೊಡಲು ಇಲ್ಲಿಯವರೇ ಒಬ್ಬರು ಮೇಷ್ಟ್ರು ಕೆಂಪು ಕೊಡೆ ಹಿಡಿದು ನಿಂತಿರುತ್ತಾರೆ, ಅವರು ಹೋದಲ್ಲಿಗೆ ಹೋಗಿ ಎಂದು. ವಿವರಣೆ ಕೊಡುವವರನ್ನೆಲ್ಲ ನಮ್ಮಲ್ಲಿ ಮೇಷ್ಟ್ರು ಅಂತಲೇ ಕರೆಯುವುದು, ಆ ಮೇಷ್ಟ್ರು ಈ ಹುಡುಗಿಯೇ!

ಪರವಾನಗಿ ಇಲ್ಲದೆ ಗೈಡ್ ಕೆಲಸ ಮಾಡಿದ ಅಪರಾಧಕ್ಕೆ ನಾನು ಕಾವಲುಕೋಣೆ ಸೇರಿದೆ! ಅಲ್ಲಿದ್ದ ಹುಡುಗ ಅಧಿಕಾರಿ ಪಾಪ, ಬಿಸಿನೀರು ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದ.

"ತಾತ, ವಯಸ್ಸಾದವರು, ಬಿಟ್ಬಿಡ್ತೀನಿ. ಒಂದು ತಪ್ಪೊಪ್ಪಿಗೆ ಪತ್ರ ಬರ್ಕೊಡಿ. ಐನೂರು ಅಕ್ಷರ. ಎಣಿಸ್ತೀನಿ ನಾನು."

ಐನೂರು ಅಕ್ಷರ! ಮೂವತ್ತೈದು ವರ್ಷ ತುಂಟ ಮಕ್ಕಳಿಗೆ ನಾನು ವಿಧಿಸುತ್ತಿದ್ದ ಅದೇ ಶಿಕ್ಷೆ! ನಾನೂರ ಹನ್ನೆರಡಕ್ಕೆ ಬಂದು ಇನ್ನೇನು ತಪ್ಪು ಮಾಡಿದ್ದೇನೆ ಎಂದು ಯೋಚಿಸುತ್ತಿದ್ದಾಗ ಗುಯ್‌ಜೆನ್ ಬಾಗಿಲಲ್ಲಿ ಕಾಣಿಸಿಕೊಂಡಳು.

"ಬೇಗ ಮುಗಿಸ್ರೀ! ಬಸ್ಸು ನಿಮಗೋಸ್ಕರ ನಿಂತಿದೆ. ಎಲ್ಲಾ ಬೈತಿದ್ದಾರೆ."

ಉಳಿದ ಎಂಬತ್ತೆಂಟು ಅಕ್ಷರಗಳನ್ನು ಅವಳೇ ಹೇಳಿ ಬರೆಸಿದಳು. ನನ್ನ ತಪ್ಪುಗಳ ವಿಷಯದಲ್ಲಿ ಅವಳಿಗೆ ಯೋಚಿಸುವ ಅಗತ್ಯ ಬೀಳಲಿಲ್ಲ.

ಬಸ್ಸು ಮುಂದಿನ ಊರು ಷೀಆನ್‌ನ ದಾರಿ ಹಿಡಿಯಿತು. ಗುಯ್‌ಜೆನ್ ಕಿಟಕಿಗೆ ಒರಗಿ ನಿಟ್ಟುಸಿರು ಬಿಟ್ಟಳು.

"ಎಂಥ ಮುಖ ಅಲ್ವೇನ್ರೀ! ಆ ತುಟಿಯಂಚಿನ ನಗು! ನೋಡಿ ನಂಗೆ ಕಣ್ಣಲ್ಲಿ ನೀರೇ ಬಂತು."

ನಾನು ಕೊಡೆಯ ಪಟ್ಟಿಯನ್ನು ಬಿಗಿಯುತ್ತಾ ಕುಳಿತೆ. ಅವಳು ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಏನ್ರೀ... ನೀವು ನೋಡಿದ್ರಿ ತಾನೇ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಅದೇ ಹೆಚ್ಚು ನೋಯಿತು. ಮುಖವನ್ನು ಆಚೆ ತಿರುಗಿಸಿ ಕಣ್ಣೊರೆಸಿಕೊಂಡೆ.

"ಅಳ್ಬೇಡಿ ಸುಮ್ನಿರಿ. ಮೂವತ್ತೆರಡು ಫೋಟೋ ತೆಗ್ದಿದ್ದೀನಿ, ತಗೊಳ್ಳಿ" ಎಂದು ಮೊಬೈಲು ನನ್ನ ಕೈಗಿಟ್ಟಳು.

ಒಂದೊಂದಾಗಿ ನೋಡಿದೆ. ಪ್ರತಿ ಫೋಟೋದಲ್ಲೂ ನಾನಿದ್ದೆ, ಬಾಯಿಯನ್ನು ಇಷ್ಟಗಲ ತೆರೆದುಕೊಂಡು. ನನ್ನ ಮೇಲೆ ಕೆಂಪು ಕೊಡೆ. ಕೊಡೆಯ ಹಿಂದೆ, ಸರಿಯಾಗಿ ಅದರ ಹಿಂದೆ, ಬುದ್ಧನ ಮುಖ! ಹಣೆಯಿಲ್ಲ, ಕಣ್ಣಿಲ್ಲ, ನಗುವಿಲ್ಲ. ಕೊನೆಯ ಫೋಟೋದಲ್ಲಿ ಮಾತ್ರ ಕೊಡೆ ಚೂರು ವಾಲಿತ್ತು. ಅದರ ಅಂಚಿನಿಂದ ಒಂದು ಕಿವಿ ಇಣುಕುತ್ತಿತ್ತು.

ಗುಯ್‌ಜೆನ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಈಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಹೋಗ್ಲಿ ಬಿಡಿ, ಫೋಟೋ ಸರಿಯಾಗೇ ಬಂದಿದೆ. ಬಾಯಿ ನಿಮ್ಮದು, ಕಿವಿ ಅವನದು!"