ದೊಡ್ಡತ್ತೆ ಮಾಡಿಸಿದ ಕೊಲೆಗಳು

ನಮ್ಮ ದೊಡ್ಡತ್ತೆ ತಮ್ಮ ಜೀವಮಾನದಲ್ಲಿ ಒಬ್ಬ ರಾಜನನ್ನು, ಆಮೇಲೆ ಅವನ ರಾಣಿಯನ್ನು, ಜೊತೆಗೆ ಆ ರಾಣಿಯ ಗೆಣೆಕಾರನನ್ನೂ ಕೊಲ್ಲಿಸಿದ್ದಾರೆ. ಅಷ್ಟೂ ಕೊಲೆಗಳು ನಡೆದದ್ದು ತುಮಕೂರಿನ ನಮ್ಮ ಚರ್ಚಿನ ಹಾಲಿನಲ್ಲಿ, ಭಾನುವಾರದ ಆರಾಧನೆ ಮುಗಿದ ಮೇಲೆ, ಸಾಕ್ಷಾತ್ ಅಯ್ಯನವರ ಅಪ್ಪಣೆ ಪಡೆದು! ಅಯ್ಯನವರು ಅಂದರೆ ನಮ್ಮ ಸಭೆಯ ಪಾದ್ರಿಗಳು. ಸಾಯುವವರ ಪರವಾಗಿ ಕಿರುಚುವ ಕೆಲಸ ನನ್ನದು. ಇಡೀ ಬಟವಾಡಿ ಬಡಾವಣೆಯಲ್ಲಿ ನನ್ನಷ್ಟು ಸಲ ಕೊಲೆಯಾದ ಹುಡುಗಿ ಇನ್ನೊಬ್ಬಳಿಲ್ಲ ಎಂದು ಈಗಲೂ ಎದೆ ತಟ್ಟಿಕೊಂಡು ಹೇಳಬಲ್ಲೆ.

ದೊಡ್ಡತ್ತೆ ತೀರಿಹೋದ ನನ್ನಪ್ಪನ ಅಕ್ಕ. ನನ್ನನ್ನೂ ಅಮ್ಮನನ್ನೂ ತಮ್ಮ ಮನೆಯಲ್ಲೇ ಇಟ್ಟುಕೊಂಡು ಸಾಕಿದವರು. ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ಗುಬ್ಬಿಯ ನೀರು ಕುಡಿದವರಿಗೆ ನಾಟಕದ ಹುಚ್ಚು ಹಿಡಿಯದೆ ಇರುತ್ತದೆಯೇ? ಹಿಡಿಯಿತು. ಆದರೆ ಊರಿಗೆಲ್ಲ ಕಂಪನಿ ನಾಟಕದ ಹುಚ್ಚಾದರೆ ಇವರಿಗೆ ಗ್ರೀಕರ ಹುಚ್ಚು! ನಲವತ್ತು ದಾಟಿದ ಮೇಲೆ ಕರೆಸ್ಪಾಂಡೆನ್ಸಿನಲ್ಲಿ ಎಂ.ಎ. ಕಟ್ಟಿದ್ದೇ ತಪ್ಪಾಯಿತು. ಪಠ್ಯದಲ್ಲಿ ಗ್ರೀಕ್ ದುರಂತ ನಾಟಕಗಳು ಬಂದವು. ಅಂದಿನಿಂದ ನಮ್ಮ ಮನೆಯಲ್ಲಿ ಮುದ್ದೆ ತಿರುವುವಾಗಲೂ ರಕ್ತಪಾತ.

"ನೋಡೇ, ಗಾಳಿ ಬೀಸ್ಲಿ, ಹಡಗು ಹೊರಡ್ಲಿ ಅಂತ ರಾಜ ಹೆತ್ತ ಮಗಳನ್ನೇ ಬಲಿ ಕೊಡ್ತಾನೆ. ಮಗಳಿಗೋಸ್ಕರ ರಾಣಿ ಗಂಡನ್ನ ಕೊಲ್ತಾಳೆ. ಅಪ್ಪನಿಗೋಸ್ಕರ ಮಗ ಅಮ್ಮನ್ನ ಕೊಲ್ತಾನೆ. ಈಗ ಆ ಮಗನ್ನ ಅಟ್ಟಿಸ್ಕೊಂಡು ಸೇಡಿನ ದೇವತೆಗಳು ಬರ್ತಾವೆ."

ಇವರಲ್ಲಿ ಕೆಟ್ಟವರು ಯಾರು ಎಂದು ಕೇಳಿದೆ. ದೊಡ್ಡತ್ತೆ ಮುದ್ದೆಯ ಕೋಲನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಯಾರೂ ಕೆಟ್ಟೋರಲ್ಲ ಕಣೇ. ಎಲ್ಲಾರೂ ನ್ಯಾಯಾನೇ ಮಾಡ್ತಾ ಇದಾರೆ. ಅದೇ ತೊಂದ್ರೆ."

ಇಂಥದ್ದನ್ನು ಚರ್ಚಿನಲ್ಲಿ ಆಡಿಸುತ್ತೇನೆ ಎಂದಾಗ ಅಯ್ಯನವರು ಕಕ್ಕಾಬಿಕ್ಕಿಯಾದರು. ಕ್ರಿಸ್‌ಮಸ್ ನಾಟಕದ ಕುರುಬರು, ಮೂವರು ಜ್ಞಾನಿಗಳು, ಒಂದು ಕೊಟ್ಟಿಗೆ, ಇಷ್ಟರಲ್ಲಿ ಸುಖವಾಗಿದ್ದ ಸಭೆಗೆ ಈ ಕೊಲೆಗಡುಕರ ಸಂಸಾರ ಯಾಕೆ ಬೇಕಮ್ಮಾ ಎಂದು ಮೆಲ್ಲಗೆ ಕೇಳಿದರು. ದೊಡ್ಡತ್ತೆಯ ಉತ್ತರ ಸಿದ್ಧವಿತ್ತು. "ಅಯ್ಯನವ್ರೇ, ಕ್ಷಮೆ ಅಂದ್ರೇನು ಅಂತ ಜನಕ್ಕೆ ಗೊತ್ತಾಗ್ಬೇಕಾದ್ರೆ, ಅದಿಲ್ದಿರೋ ಮನೆ ಹೆಂಗಿರುತ್ತೆ ಅಂತ ಮೊದ್ಲು ತೋರಿಸ್ಬೇಕು." ಪಾಪ, ಅಯ್ಯನವರು ಅಪ್ಪಣೆ ಕೊಟ್ಟರು.

ಗ್ರೀಕರಲ್ಲಿ ಒಂದು ವಿಚಿತ್ರ ಶಿಸ್ತು. ಕೊಲೆ ರಂಗದ ಮೇಲೆ ಕಾಣಬಾರದು, ಒಳಗಿನಿಂದ ಕೇಳಬೇಕು. ಮೊದಲ ರಿಹರ್ಸಲ್ಲಿನಲ್ಲಿ ನಾನು ಹಾಲಿನ ಹಿಂದೆ ನಿಂತು ರಾಜನ ಪರವಾಗಿ ಜೀವ ಹೋಗುವಂತೆ ಕಿರುಚಿದೆ. ಪಕ್ಕದ ಹಾಸಿಗೆ ಅಂಗಡಿಯ ಸಾಬರು ಹತ್ತಿ ಹೊಡೆಯುವ ಕೋಲು ಹಿಡಿದು ಓಡಿ ಬಂದೇಬಿಟ್ಟರು! ನೋಡಿದರೆ ರಾಣಿ ಟೀ ಕುಡಿಯುತ್ತಿದ್ದಾಳೆ. ದೊಡ್ಡತ್ತೆ ತಲೆಯನ್ನೂ ಎತ್ತದೆ, "ಏನಿಲ್ಲ ಸಾಬ್ರೇ, ಗಂಡನ್ನ ಕೊಂದ್ವಿ ಅಷ್ಟೆ" ಎಂದರು. ಸಾಬರು ಕೋಲನ್ನು ಗೋಡೆಗೆ ಒರಗಿಸಿ ಗಂಡ ಏನು ಮಾಡಿದ್ದ ಎಂದು ವಿಚಾರಿಸಿದರು. ಕಥೆ ಕೇಳಿ, ಹಾಗಾದರೆ ಆಯಮ್ಮನದೇನೂ ತಪ್ಪಿಲ್ಲ ಎಂದು ತೀರ್ಪು ಕೊಟ್ಟು ಹೋದರು. ಮುಂದಿನ ವಾರ ಮಗ ಅಮ್ಮನನ್ನು ಕೊಂದಾಗ ಬಂದು, ಮಗನದೂ ತಪ್ಪಿಲ್ಲ ಎಂದರು. ಆಮೇಲೆ ಎರಡು ದಿನ ಅವರಿಗೆ ಸರಿಯಾಗಿ ಊಟ ಸೇರಲಿಲ್ಲವಂತೆ.

ಈ ಸೇಡಿನ ಪಾಂಡಿತ್ಯವೆಲ್ಲ ಬರೀ ಪುಸ್ತಕದಿಂದ ಬಂದದ್ದು ಅಂದುಕೊಂಡಿರಾ? ದೊಡ್ಡತ್ತೆಗೆ ಕುಣಿಗಲ್ಲಿನಲ್ಲಿ ಒಬ್ಬ ತಂಗಿ ಇದ್ದರು, ನಮ್ಮ ಚಿಕ್ಕತ್ತೆ. ಅಜ್ಜಿ ಕೊನೆಗಾಲದಲ್ಲಿ ಅವರ ಮನೆಯಲ್ಲಿದ್ದರು. ಅಜ್ಜಿಗೆ ಉಸಿರು ಕಟ್ಟಿದಾಗ ಚಿಕ್ಕತ್ತೆ ಹೇಳಿ ಕಳಿಸಲಿಲ್ಲ. ನಮ್ಮ ಬೀದಿಯ ಎಸ್‌ಟಿಡಿ ಬೂತಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು, ತುಮಕೂರಿಂದ ಕುಣಿಗಲ್ಲಿಗೆ ಬಸ್ಸಿಗೇನು ಬರವೇ? ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಅಜ್ಜಿ ಮಣ್ಣೊಳಗಿದ್ದರು. ಹೆತ್ತ ತಾಯಿಯ ಮುಖ ನೋಡುವ, ಒಂದು ಹಿಡಿ ಮಣ್ಣು ಹಾಕುವ ಭಾಗ್ಯವೂ ದೊಡ್ಡತ್ತೆಗೆ ಸಿಗಲಿಲ್ಲ. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ.

ಜಗಳ ಆಡೋಣವೆಂದು ಅವರು ಆಗಾಗ ಕುಣಿಗಲ್ ಬಸ್ಸು ಹತ್ತುತ್ತಿದ್ದರು. ದಾರಿಯುದ್ದಕ್ಕೂ ಡೈಲಾಗು ಬಾಯಿಪಾಠ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಶಕ್ತಿಗೆಂದು ಎರಡು ತಟ್ಟೆ ಇಡ್ಲಿ ತಿಂದು, ಅದೇ ಬಸ್ಸಿನಲ್ಲಿ ವಾಪಸ್! "ಇವತ್ತು ಬಿಟ್ಟಿದೀನಿ ಅವಳನ್ನ" ಎಂದು ಮನೆಗೆ ಬಂದು ಸೆರಗು ಕೊಡವುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ಪ್ರಭು ಭೋಜನ. ರೊಟ್ಟಿ, ದ್ರಾಕ್ಷಾರಸದ ಬಟ್ಟಲು ಕೊಡುವ ಮುಂಚೆ, ಯಾರ ಮೇಲಾದರೂ ವೈರವಿದ್ದರೆ ಮೊದಲು ಸಮಾಧಾನ ಮಾಡಿಕೊಂಡು ಬನ್ನಿ ಎಂದು ಅಯ್ಯನವರು ಹೇಳುತ್ತಾರೆ. ನಾವೆಲ್ಲ ಅದನ್ನು ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟಿನಂತೆ ಕೇಳಿ ಸಾಲಾಗಿ ಹೋಗುತ್ತೇವೆ. ದೊಡ್ಡತ್ತೆ ಎದ್ದು ಹೊರಗೆ ಹೋಗಿ, ಮೆಟ್ಟಿಲ ಮೇಲೆ ನಮ್ಮೆಲ್ಲರ ಚಪ್ಪಲಿ ಕಾಯುತ್ತ ಕೂರುತ್ತಿದ್ದರು. ರೊಟ್ಟಿ, ಬಟ್ಟಲು ಇಡುವ ಮೇಜಿನ ಬಿಳಿ ಬಟ್ಟೆಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಹಾಸುತ್ತಿದ್ದವರೂ ಅವರೇ. ಹಾಸಿದ ಮೇಲೆ ಅಂಗೈಯಿಂದ ಒಂದು ಸಲ ಸವರಿ ಹೊರಗೆ ಹೋಗುತ್ತಿದ್ದರು. ಅಯ್ಯನವರುಗಳು ಬದಲಾದರು, ಚಪ್ಪಲಿಗಳು ಬದಲಾದವು, ಅವರ ಮೆಟ್ಟಿಲು ಬದಲಾಗಲಿಲ್ಲ. ಕ್ಷಮಿಸಿಬಿಡಿ ಅತ್ತೆ ಎಂದು ನಾನೊಮ್ಮೆ ಹೇಳಿದ್ದಕ್ಕೆ, "ನಾನು ಕ್ಷಮಿಸಿದ್ರೆ ಅಮ್ಮನಿಗೆ ನ್ಯಾಯ ಕೇಳೋರ್ಯಾರೇ?" ಎಂದು ಬಾಯಿ ಮುಚ್ಚಿಸಿದರು.

ಚಿಕುನ್‌ಗುನ್ಯ ಊರಿಗೆ ಬಂದ ವರ್ಷ ದೊಡ್ಡತ್ತೆ ನಾಟಕದ ಕೊನೆಯ ಭಾಗವನ್ನು ಎತ್ತಿಕೊಂಡರು. ಅದರಲ್ಲಿ ಕೋರ್ಟು ಕೂತು ಆ ಮಗನನ್ನು ಬಿಟ್ಟುಬಿಡುತ್ತದೆ. ಹಾಗಾದರೆ ಸೇಡಿನ ದೇವತೆಗಳ ಕೋಪ ಎಲ್ಲಿಗೆ ಹೋಗಬೇಕು? ಊರಿನವರು ಅವರನ್ನು ಓಡಿಸುವುದಿಲ್ಲ. ನಿಮಗೂ ಇಲ್ಲೊಂದು ಜಾಗವಿದೆ, ಬಂದು ಕೂತುಕೊಳ್ಳಿ ಎನ್ನುತ್ತಾರೆ. ಅವರು ಕೂತು ತಣ್ಣಗಾಗುತ್ತಾರೆ. ಅಯ್ಯನವರಿಗೂ ಇದು ಹಿಡಿಸಿತು. ಗ್ರೀಕರು ಕ್ಷಮೆಯ ಬಾಗಿಲವರೆಗೂ ಬಂದರು, ಒಳಗೆ ಬರಲಿಲ್ಲ, ಶಿಲುಬೆ ಇರುವುದು ಒಳಗೆ ಎಂದರು. ದೊಡ್ಡತ್ತೆಯೂ ಬಾಗಿಲಲ್ಲೇ ಕೂರುವವರಲ್ಲವೇ!

ದೇವತೆಗಳ ಪಾತ್ರ ನಮ್ಮ ಸ್ತ್ರೀಯರ ಕೂಟದ್ದು. ನಾಟಕದ ಹೊತ್ತಿಗೆ ಜ್ವರ ಎಲ್ಲರ ಮಂಡಿಯನ್ನೂ ಹಿಡಿದಿತ್ತು. ಅಟ್ಟಿಸಿಕೊಂಡು ಬರಬೇಕಾದವರು ಗೋಡೆ ಹಿಡಿದು, ಅಯ್ಯಪ್ಪಾ ಎನ್ನುತ್ತ ಬಂದರು. ಓಡಬೇಕಾದ ಮಗನಿಗೂ ಅದೇ ಜ್ವರ! ಅವನು ಎರಡು ಹೆಜ್ಜೆ ಇಟ್ಟು ನಿಂತು, ಅವರು ಹತ್ತಿರ ಬಂದ ಮೇಲೆ ಮತ್ತೆರಡು ಹೆಜ್ಜೆ ಇಡುತ್ತಿದ್ದ. ಹಾಸಿಗೆ ಅಂಗಡಿಯ ಸಾಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಿಲ್ಲಲಾರದ ದೇವತೆಗಳಿಗೆಂದು ಕುರ್ಚಿಗಳನ್ನು ರಂಗಕ್ಕೆ ಏರಿಸಿದ್ದರಿಂದ ಹಾಲಿನಲ್ಲಿ ಕುರ್ಚಿ ಸಾಲದೆ ಜನ ನಿಂತಿದ್ದರು.

ದೊಡ್ಡತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಾತು ಹೇಳಿಕೊಡುತ್ತಿದ್ದರು. "ನಿಮಗೂ ಇಲ್ಲೊಂದು ಜಾಗ" ಎಂದವರು ತಟ್ಟನೆ ಮಾತು ನಿಲ್ಲಿಸಿದರು. ನಾನು ತಿರುಗಿ ನೋಡಿದೆ. ಬಾಗಿಲಲ್ಲಿ, ಚೌಕಟ್ಟು ಹಿಡಿದುಕೊಂಡು, ಕುಣಿಗಲ್ಲಿನ ಚಿಕ್ಕತ್ತೆ.

ದೊಡ್ಡತ್ತೆ ಎದ್ದರು. ತಾವು ಕೂತಿದ್ದ ಕುರ್ಚಿಯನ್ನೇ ಎತ್ತಿಕೊಂಡು, ತಾವೂ ಕುಂಟುತ್ತ, ಜನರ ನಡುವೆ ಹೋಗಿ ತಂಗಿಯ ಮುಂದೆ ಇಟ್ಟರು. ನಾನೂ ಹಿಂದೆಯೇ ಓಡಿದೆ, ಇವತ್ತು ನಿಜವಾದ ಕೊಲೆಯೇ ಆದರೆ ಏನು ಗತಿ!

ಚಿಕ್ಕತ್ತೆ ಕೂರಲಿಲ್ಲ. "ಅಮ್ಮ ನಿನ್ನೇ ಕೇಳ್ತಿದ್ಲು ಅಕ್ಕ. ಸಾಕಿದ್ದು ನಾನು, ಕೇಳಿದ್ದು ನಿನ್ನ. ಹೊಟ್ಟೆ ಉರೀತು. ಬೇಕೂಂತ್ಲೇ ಹೇಳಿ ಕಳಿಸ್ಲಿಲ್ಲ. ಅದನ್ನ ಹೇಳೋಕೇ ಬಂದೆ" ಎಂದರು.

"ಗೊತ್ತು ಕಣೇ" ಎಂದರು ದೊಡ್ಡತ್ತೆ. "ಮೊದ್ಲು ಕೂತ್ಕೊ. ಕಾಲು ನೋಡು ಹೆಂಗೆ ಊದಿದೆ."

ರಂಗದ ಮೇಲಿನ ದೇವತೆಯೊಬ್ಬರು ಕುರ್ಚಿಯಿಂದಲೇ ಬಗ್ಗಿ, ಅಕ್ಕಾ, ಮುಂದಿನ ಮಾತೇನು ಎಂದು ಪಿಸುಗುಟ್ಟಿದರು.

"ಮುಂದೇನಿಲ್ಲ," ಎಂದರು ದೊಡ್ಡತ್ತೆ ತಿರುಗದೆಯೇ. "ಮುಗೀತು."

ಮುಂದಿನ ಪ್ರಭು ಭೋಜನಕ್ಕೆ ಅಕ್ಕತಂಗಿ ಇಬ್ಬರೂ ಹೋದರು. ಒಬ್ಬರ ಭುಜವನ್ನು ಇನ್ನೊಬ್ಬರು ಹಿಡಿದು, ಮೇಜಿನೆದುರಿನ ಮರದ ಕಟಾಂಜನದ ಮುಂದೆ ಹೇಗೋ ಮೊಣಕಾಲೂರಿದರು. ರೊಟ್ಟಿ ತಗೊಂಡರು, ಬಟ್ಟಲು ಮುಟ್ಟಿದರು. ಅವರ ಸಾಲಿನ ಉಳಿದವರೆಲ್ಲ ಎದ್ದು ಬಂದರೂ ಇವರು ಏಳಲಿಲ್ಲ. ಆಹಾ ಎಂಥ ಭಕ್ತಿ ಎಂದು ಸಭೆ ತಲೆ ತಗ್ಗಿಸಿತು. ಮಂಡಿ ಹಿಡಿದುಕೊಂಡಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ! ಎಬ್ಬಿಸೋಣವೆಂದು ಹೋಗಿ ಕಂಕುಳಿಗೆ ಕೈ ಹಾಕಿದೆ. ದೊಡ್ಡತ್ತೆಯ ಮುಖವೆಲ್ಲ ಒದ್ದೆಯಾಗಿತ್ತು.

"ಬಿಡೇ, ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ," ಎಂದರು. "ಇಷ್ಟು ವರ್ಷ ಹೊರಗೆ ಕೂತಿದ್ದೆ."

ನಾನು ಕೈ ತೆಗೆದೆ. ಅಯ್ಯನವರು ಬಟ್ಟಲು ಹಿಡಿದು ಕಾದರು. ಹಿಂದಿನ ಸಾಲಿನವರೂ ಕಾದರು.